ಅತ್ತೆಯ ಬದುಕು

ನಾನು ಮದುವೆಯಾಗಿ ಸಾಸಲು ಹಳ್ಳಿಗೆ ಬಂದ ಹೊಸದು. ಪಕ್ಕದ ಮನೆಯಾಕೆ ಬೆಳಿಗ್ಗೆ ಗೋಡೆಯಾಚೆಯಿಂದ ಕೇಳಿದಳು: "ಏನವ್ವಾ, ಬದುಕಾಯ್ತಾ?" ಪೇಟೆಯಲ್ಲಿ ಬೆಳೆದ ನನಗೆ ಆ ಮಾತೇ ಅರ್ಥವಾಗಲಿಲ್ಲ. ಒಳಗಿಂದ ಅತ್ತೆಯೇ ಉತ್ತರ ಕೊಟ್ಟರು: "ಎಲ್ಲಿ ಆಯ್ತು ಬಿಡು, ಕೊಟ್ಟಿಗೆ ಕಸ ಹಂಗೇ ಐತೆ." ಕಸ, ಮುಸುರೆ, ಹಾಲು ಕರೆಯುವುದು, ಮೇವು ಹಾಕುವುದು, ಈ ಊರಲ್ಲಿ ಇದೆಲ್ಲ ಸೇರಿ ಬದುಕು. ಬರೀ ಉಸಿರಾಡಿಕೊಂಡಿದ್ದರೆ ಅದಕ್ಕೆ 'ಅವ್ರೆ' ಅಂತಾರೆ, ಇದ್ದಾರೆ ಅಂತ, ಅಷ್ಟೇ.

ಸುಮ್ಮನೆ ಕೂತವರನ್ನು ಕಂಡರೆ ಅತ್ತೆಗೆ ಮೈಯೆಲ್ಲ ಉರಿಯುತ್ತಿತ್ತು. ನೆಂಟರು ಕಾಫಿ ಕುಡಿದು ಲೋಟ ಇಡುವಷ್ಟರಲ್ಲಿ ಅವರ ಮುಂದೊಂದು ಮೊರ ಬಂದಿರುತ್ತಿತ್ತು.

ಅಂಥವರಿಗೆ ಹೋದ ವರ್ಷ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತು ನಿಂತಿತು. ಕೈಗೆ ಈಗಲೇ ಕೆಲಸ ಕೊಟ್ಟರೆ ಬಂದೀತು, ತಡ ಮಾಡಿದರೆ ಕಷ್ಟ ಅಂತ ಹೇಳಿದ ಡಾಕ್ಟರು, ಹಿಸುಕಲು ಒಂದು ಹಳದಿ ಸ್ಪಂಜಿನ ಚೆಂಡು ಕೊಟ್ಟು ಕಳಿಸಿದರು. ಅತ್ತೆ ಅದನ್ನು ಎಡಗೈಯಲ್ಲಿ ಎತ್ತಿ ಮಂಚದ ಕೆಳಕ್ಕೆ ಎಸೆದರು. ಮತ್ತೆ ಕೊಟ್ಟೆ. ಮತ್ತೆ ಎಸೆದರು.

ಅವರ ತಮ್ಮ ಅರಿಶಿನಕುಂಟೆಯಿಂದ ಬಂದು ನೋಡಿ, ಅಕ್ಕನ ಎದುರಿಗೇ ಹೇಳಿದರು: "ಹಿಂಸೆ ಕೊಡಬ್ಯಾಡವ್ವಾ. ಇರೋಷ್ಟು ದಿನ ಹಿಂಗೇ ಮಲಗಿರ್ಲಿ ಬಿಡು." ನನ್ನ ಗಂಡನೂ ತಲೆಯಾಡಿಸಿದ. ನನಗೆ ರೇಗಿಹೋಯಿತು.

"ಅವ್ರಿಗೆ ಕಿವಿ ಕೇಳ್ಸುತ್ತೆ ಮಾವ," ಅಂದೆ.

ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಈ ಹೆಂಗಸನ್ನು ಮಲಗಲು ಬಿಡುವುದಿಲ್ಲ ಎಂದು ನಾನು ತೀರ್ಮಾನಿಸಿದ್ದು ಆಗಲೇ.

ಅವರೆಕಾಯಿ ಕಾಲ ಬಂತು. ನೆನೆಹಾಕಿದ ಕಾಳು ತಂದು, ಅತ್ತೆಯನ್ನು ದಿಂಬಿಗೆ ಒರಗಿಸಿ ಕೂರಿಸಿ, ಮಡಿಲಲ್ಲಿ ತಟ್ಟೆ ಇಟ್ಟೆ. "ನಂಗೊಬ್ಳಿಗೇ ಆಗಲ್ಲ ಅತ್ತೆ. ಸಾರಿಗೆ ಬೇಳೆ ಬೇಕು, ಹಿತುಕಿ." ನೆನೆದ ಕಾಳನ್ನು ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಚಿಮ್ಮುತ್ತದೆ. ಅತ್ತೆ ಎಡಗೈಯಲ್ಲಿ ಸರಸರನೆ ಶುರು ಮಾಡಿದರು. ನಾನು ಆ ಕೈ ಹಿಡಿದುಕೊಂಡು ಬಲಗೈ ಬೆರಳಿಗೆ ಕಾಳು ಇಟ್ಟೆ. ಅವರು ನನ್ನನ್ನು ನೋಡಿದ ನೋಟಕ್ಕೆ ಬೇರೆ ಯಾರಾದರೂ ಎದ್ದು ಹೋಗುತ್ತಿದ್ದರು. ನಾನು ಹೋಗಲಿಲ್ಲ. ಕಾಳು ಜಾರಿ ಬಿತ್ತು. ಇನ್ನೊಂದು ಇಟ್ಟೆ.

ದಿನಾ ಇದೇ. ಹಿತುಕಿದ ಬೇಳೆ ಸಾರು ತಿಂದು ತಿಂದು ಮನೆಯವರ ನಾಲಿಗೆ ಕೆಟ್ಟುಹೋಯಿತು. "ಇವತ್ತೂ ಇದೇನಾ?" ಅಂತ ಗಂಡ ಗೊಣಗಿದ. ಗೊಣಗಲಿ, ನನಗೇನು ಅವನ ನಾಲಿಗೆ ನೋಡಿಕೊಂಡು ಕೂರುವುದಕ್ಕಾಗುತ್ತದೆಯೇ?

ಸಂಕ್ರಾಂತಿಯ ಹೊತ್ತಿಗೆ ಮಾವ ಮತ್ತೆ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ದನಿ ತಗ್ಗಿಸಿ ಕೇಳಿದರು, "ಅಕ್ಕ ಹೆಂಗವ್ರವ್ವಾ?"

"ಬದುಕು ಮಾಡ್ತಾವ್ರೆ. ಒಳಗೋಗಿ ನೋಡಿ," ಅಂದೆ.

ಅತ್ತೆ ತಟ್ಟೆಯ ಮುಂದೆ ಕೂತಿದ್ದರು. ತಮ್ಮನನ್ನು ನೋಡುತ್ತಲೇ ಬಲಗೈ ಹೆಬ್ಬೆರಳಲ್ಲಿ ಕಾಳನ್ನು ನಿಧಾನವಾಗಿ ಒತ್ತಿದರು. ಬೇಳೆ ಚಿಮ್ಮಿ ಮಾವನ ಅಂಗಿಗೆ ಬಡಿಯಿತು. ಅವರು "ಅಕ್ಕಾ" ಅಂದವರು ಕಣ್ಣು ತುಂಬಿಕೊಂಡು ನಿಂತುಬಿಟ್ಟರು.

ಸುಮ್ಮನೆ ನಿಂತವರನ್ನು ಕಂಡರೂ ಅತ್ತೆಗೆ ಆಗದು. ತಟ್ಟೆಯನ್ನು ಅವರ ಕಡೆ ತಳ್ಳಿದರು. ಮಾವ ಕಣ್ಣೊರೆಸಿಕೊಂಡು, ತೋಳು ಮಡಿಚಿ, ಮಂಚದ ತುದಿಯಲ್ಲಿ ಕೂತು ಹಿತುಕಲು ಶುರು ಮಾಡಿದರು. ಅವರ ಕೈ ನಿಧಾನವಾದಾಗ ಅತ್ತೆ ಮೊಣಕೈಯಿಂದ ತಿವಿದರು.