ಫ್ರೆಂಚ್ ಗಾಯಕಿಯ ವೇಗ

ಕುವೈತಿನ ಮೈದಾನ್ ಹವಲ್ಲಿಯಲ್ಲಿ ನಮ್ಮ ಮೇಲಿನ ಫ್ಲ್ಯಾಟಿನಲ್ಲಿದ್ದ ಮಂಗಳೂರಿನ ಬ್ಯಾಂಕ್ ಅಧಿಕಾರಿ ಶುಕ್ರವಾರದ ಸಂತೆಯಿಂದ ಹಳೆಯ ರೆಕಾರ್ಡ್ ಪ್ಲೇಯರ್ ತಂದಿದ್ದರು. ಅದರೊಂದಿಗೆ ಬಂದದ್ದು ಒಂದೇ ಎಲ್‌ಪಿ ರೆಕಾರ್ಡು, ಫ್ರೆಂಚ್ ಪಾಪ್ ಗಾಯಕಿಯೊಬ್ಬಳದು. ಅವರಲ್ಲಿಗೆ ಊಟಕ್ಕೆ ಹೋದವರು ಅದರ ಒಂದು ಬದಿಯನ್ನು ಪೂರ್ತಿ ಕೇಳಬೇಕಿತ್ತು. ಅಲ್ಲಿಯವರೆಗೆ ಮೀನು ಸಾರಿನ ಮುಚ್ಚಳ ತೆಗೆಯುವಂತಿರಲಿಲ್ಲ. ಅವರು ಕಣ್ಣು ಮುಚ್ಚಿ ಗಾಳಿಯಲ್ಲಿ ಬೆರಳಾಡಿಸುತ್ತಾ, "ಗುಬ್ಬಚ್ಚಿ ಹಾಗಿನ ಸ್ವರ. ಇದಕ್ಕೆಲ್ಲ ಕಿವಿ ಬೇಕು ಮಾರಾಯ್ರೆ" ಎನ್ನುತ್ತಿದ್ದರು. ಫ್ರೆಂಚ್ ನಮಗೂ ಬರುತ್ತಿರಲಿಲ್ಲ, ಅವರಿಗೂ ಬರುತ್ತಿರಲಿಲ್ಲ.

ಒಮ್ಮೆ ನಮ್ಮೊಂದಿಗೆ ತಮ್ಮ ಲೆಬನಾನಿನ ಮೇಲಧಿಕಾರಿಯನ್ನೂ ಊಟಕ್ಕೆ ಕರೆದರು. ಆತ ಅಂಥ ಹಾಡುಗಳನ್ನು ಕೇಳುತ್ತಲೇ ಬೆಳೆದವನು. ಅವನೆದುರು ರಸಿಕನೆನಿಸಿಕೊಳ್ಳುವ ಆಸೆಯಿಂದ ಇವರು ಹೊಸ ಅಂಗಿ ತೊಟ್ಟು ಕಾದಿದ್ದರು. ಮೊದಲ ಹಾಡಿಗೇ ಅತಿಥಿ ಎದ್ದು ನಿಂತ. "ಹಬೀಬಿ, ಇವಳನ್ನು ನಾಯಿ ಅಟ್ಟಿಸಿಕೊಂಡು ಬರ್ತಾ ಇದೆಯಾ?" ಎಂದು ಇಂಗ್ಲಿಷಿನಲ್ಲಿ ಕೇಳುತ್ತಾ, ನಿಮಿಷಕ್ಕೆ ನಲವತ್ತೈದು ಸುತ್ತಿನಲ್ಲಿದ್ದ ವೇಗದ ಗುಂಡಿಯನ್ನು ಎಲ್‌ಪಿ ತಿರುಗಬೇಕಾದ ಮೂವತ್ತಮೂರಕ್ಕೆ ಇಳಿಸಿದ. ಗುಬ್ಬಚ್ಚಿ ಹೋಗಿ, ಗಡಸು ಕಂಠದ ನಡುವಯಸ್ಸಿನ ಹೆಂಗಸು ಹಾಡತೊಡಗಿದಳು.

ಅಡುಗೆಮನೆಯಿಂದ ಹೆಂಡತಿ ಇಣುಕಿದರು. "ಇದು ಯಾರು ಹೊಸಬಳು?"

"ಅವಳೇ. ಬಾಸ್‌ಗೆ ಕಿವಿ ಸ್ವಲ್ಪ ಮಂದ. ಅದಕ್ಕೇ ನಿಧಾನ ಇಟ್ಟದ್ದು" ಎಂದರು ಇವರು, ಬಾಸ್‌ಗೆ ತಿಳಿಯದ ಕನ್ನಡದಲ್ಲಿ.

ಮುಂದಿನ ಶುಕ್ರವಾರ ನಾವು ಹೋದಾಗ ಗುಂಡಿ ಮತ್ತೆ ನಲವತ್ತೈದಕ್ಕೇ ಬಂದಿತ್ತು. ಅದು ಕದಲದಂತೆ ಮೇಲೆ ಕಪ್ಪು ಟೇಪು ಅಂಟಿಸಿದ್ದರು. "ಇದಕ್ಕೆಲ್ಲ ಕಿವಿ ಬೇಕು ಮಾರಾಯ್ರೆ" ಎಂದರು. ನಾವೆಲ್ಲ ತಲೆದೂಗಿದೆವು. ಆ ವೇಗದಲ್ಲಿ ಮೀನು ಸಾರು ಬೇಗ ಬರುತ್ತಿತ್ತು.