ನಾನು ತುಳಿಯದ ಇಪ್ಪತ್ತನಾಲ್ಕು ಕಿಲೋಮೀಟರ್

ಇಂಥ ಸಂಗತಿಗಳನ್ನು ಬೇರೆಯವರು ಹೇಳುವಾಗ ನಾನು ನಕ್ಕಿದ್ದೇನೆ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೂವತ್ತೊಂದು ವರ್ಷ ಸರ್ವೆ ಕೆಲಸದಲ್ಲಿದ್ದವನು ನಾನು. ಚೌಡಿ ಇದ್ದಾಳೆ ಎಂದು ಊರವರು ಕಾಲಿಡಲು ಹೆದರುವ ಬನಗಳಲ್ಲಿ ಒಬ್ಬನೇ ಅಳತೆಯ ಸರಪಳಿ ಹಿಡಿದು ನಿಂತಿದ್ದೇನೆ. ಎಲ್ಲಿಯೂ ಸರಪಳಿ ಒಂದು ಕೊಂಡಿಯಷ್ಟು ಉದ್ದವೂ ಆಗಲಿಲ್ಲ, ಗಿಡ್ಡವೂ ಆಗಲಿಲ್ಲ. ಹಾಗಾಗಿ ದೆವ್ವಗಳ ಮೇಲೆ ನನಗೆ ನಂಬಿಕೆ ಇರಲಿಲ್ಲ. ಅದಕ್ಕಿಂತ ಕಡಿಮೆ ನಂಬಿಕೆ ಇದ್ದದ್ದು ಕೈಗೆ ಕಟ್ಟಿಕೊಳ್ಳುವ ಸ್ಮಾರ್ಟ್‌ವಾಚುಗಳ ಮೇಲೆ. ದೆವ್ವ ಏನೇ ಮಾಡಲಿ, ಇವತ್ತು ಇಷ್ಟು ದೂರ ಓಡಿದೆ ಎಂದು ವಾಟ್ಸಾಪಿನಲ್ಲಿ ಹಾಕುವುದಿಲ್ಲ.

ಹಾಗೆ ಹಾಕುತ್ತಿದ್ದವನು ಭದ್ರಾವತಿಯ ಗುರುಮೂರ್ತಿ. ಹೈಸ್ಕೂಲಿನಿಂದ ನನ್ನ ಗೆಳೆಯ. ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತನಾದ ವರ್ಷವೇ ಎದೆನೋವು ಬಂದು ಎರಡು ಸ್ಟೆಂಟ್ ಹಾಕಿಸಿಕೊಂಡ. ಆಸ್ಪತ್ರೆಯಿಂದ ಬಂದವನು ಮೊದಲು ಮನೆಯ ಗೇಟಿನವರೆಗೆ ನಡೆದ, ಆಮೇಲೆ ಬೀದಿಯ ಕೊನೆಯವರೆಗೆ, ಆಮೇಲೆ ಡಾಕ್ಟರರನ್ನು ಕೇಳಿ ಕೇಳಿ ನಿಧಾನವಾಗಿ ಓಡತೊಡಗಿದ. ಮಗಳು ಒಂದು ವಾಚ್ ಕೊಡಿಸಿದಳು. ಎರಡು ವರ್ಷ ಕಳೆದ ಮೇಲೆ ಒಂದು ಭಾನುವಾರ ಕಾಲುವೆ ಏರಿಯ ದಾರಿಯಲ್ಲಿ ಆರು ಸುತ್ತು ಓಡಿ ಮುಗಿಸಿದಾಗ ವಾಚ್ ಇಪ್ಪತ್ತೊಂದು ಕಿಲೋಮೀಟರ್ ನೂರು ಮೀಟರ್ ತೋರಿಸಿತು. ಅಂದರೆ ಅರ್ಧ ಮ್ಯಾರಥಾನ್. ಆ ಪರದೆಯ ಚಿತ್ರಕ್ಕೆ ಕಟ್ಟು ಹಾಕಿಸಿ, ಹಾಲ್‌ನಲ್ಲಿ ಮದುವೆಯ ಫೋಟೋ ಇದ್ದ ಮೊಳೆಗೇ ನೇತುಹಾಕಿದ. ಮದುವೆಯ ಫೋಟೋ ಮಲಗುವ ಕೋಣೆಗೆ ಹೋಯಿತು.

ಈ ಸಂತೋಷಕ್ಕೆ ಅವನು ಇಪ್ಪತ್ತು ಜನರಿಗೆ ಹೋಳಿಗೆ ಊಟ ಹಾಕಿಸಿದ. ನಾನು ಮಾಡಿದ ಕೆಲಸ ಏನೆಂದರೆ, ಊಟದ ಹಿಂದಿನ ದಿನ ಅಳತೆಯ ಚಕ್ರ ತೆಗೆದುಕೊಂಡು ಹೋಗಿ ಆ ಕಾಲುವೆ ಏರಿಯನ್ನು ಅಳೆದು ಬಂದೆ. ಯಾರೂ ಕೇಳಿರಲಿಲ್ಲ. ಸರ್ವೆಯವನಿಗೆ ದಾರಿ ಕಂಡರೆ ಕೈ ಸುಮ್ಮನಿರುವುದಿಲ್ಲ. ಅಳೆದದ್ದಷ್ಟೇ ಅಲ್ಲ, ನಕ್ಷೆ ಬರೆದೆ, ಉತ್ತರ ದಿಕ್ಕಿಗೆ ಬಾಣ ಹಾಕಿದೆ, ಕೆಳಗೆ ಸಹಿ ಮಾಡಿದೆ. ಎಲೆಗೆ ಎರಡನೇ ಹೋಳಿಗೆ ಬಿದ್ದ ಹೊತ್ತಿಗೆ ಅದನ್ನು ಅವನ ಕೈಗೆ ಕೊಟ್ಟು ಎಲ್ಲರಿಗೂ ಕೇಳುವ ಹಾಗೆ, "ಗುರು, ಒಂದು ಸುತ್ತು ಮೂರು ಸಾವಿರದ ನಾನೂರು ಮೀಟರ್. ಆರು ಸುತ್ತಿಗೆ ಇಪ್ಪತ್ತು ಸಾವಿರದ ನಾನೂರು. ಏಳುನೂರು ಮೀಟರ್ ಕಮ್ಮಿ ಬೀಳುತ್ತೆ," ಎಂದೆ.

ಅವನು ನಕ್ಷೆಯನ್ನು ಪೂರ್ತಿ ನೋಡಿದ. ಮಜ್ಜಿಗೆ ಅನ್ನಕ್ಕೆ ಕಾಯದೆ ಎದ್ದು ಕೈ ತೊಳೆದ. "ನಿನ್ ಅಳತೆ ನಿನ್ಗಿರ್ಲಿ ಮಾರಾಯ," ಎಂದು ಒಳಗೆ ಹೋದವನು ನಾವು ಹೊರಡುವವರೆಗೂ ಹೊರಗೆ ಬರಲಿಲ್ಲ. ಸಾಯುತ್ತೇನೆ ಎಂದುಕೊಂಡಿದ್ದ ಮನುಷ್ಯ ಓಡಿದ್ದ ದೂರ ಅದು. ಅದರಲ್ಲಿ ಏಳುನೂರು ಮೀಟರನ್ನು ನಾನು ಊಟದ ಎಲೆಯ ಮುಂದೆ ಕಿತ್ತುಕೊಂಡಿದ್ದೆ. ಇದು ನನಗೆ ಅರ್ಥವಾಗಲು ಬಸ್ಸು ಶಿವಮೊಗ್ಗ ಮುಟ್ಟುವಷ್ಟು ಹೊತ್ತು ಸಾಕಾಯಿತು. ಆದರೆ ಒಪ್ಪಿಕೊಳ್ಳಲು ಬಿಗುಮಾನ ಬಿಡಲಿಲ್ಲ. ನಾಲ್ಕು ತಿಂಗಳು ನಾವು ಮಾತಾಡಲಿಲ್ಲ.

ಕ್ಷಮೆ ಕೇಳುವ ಬದಲು ನಾನು ಅವನದೇ ಜಾತಿಯ ವಾಚ್ ಒಂದನ್ನು ಕೊಂಡೆ, ಅದು ಸುಳ್ಳುಬುರುಕ ಎಂದು ಸಾಧಿಸುವುದಕ್ಕೆ. ಸಾಕ್ಷಿಗೆ ಬರವಿರಲಿಲ್ಲ. ಹೆಂಡತಿಯ ಕೈಗೆ ಕಟ್ಟಿದೆ. ಅವಳು ನಿಂತಲ್ಲೇ ನಿಂತು ಮೂವತ್ತು ಚಪಾತಿ ಲಟ್ಟಿಸುವಷ್ಟರಲ್ಲಿ ಎಂಟುನೂರು ಹೆಜ್ಜೆ ನಡೆದಿದ್ದಳು. ಆಟೋದಲ್ಲಿ ಕೂತು ಗೋಪಿ ಸರ್ಕಲ್ಲಿಗೆ ಹೋದರೆ ಚೆನ್ನಾಗಿ ಓಡಿದಿರಿ ಎಂದು ಹೊಗಳಿತು. ಮರದ ನೆರಳಿನ ರಸ್ತೆಯಲ್ಲಿ ಸೈಕಲ್ ತುಳಿದರೆ ಭೂಪಟದಲ್ಲಿ ನಾನು ಯಾರದೋ ಕಾಂಪೌಂಡು ಹಾರಿ ಹೋಗಿದ್ದೆ. ನನ್ನ ಸೈಕಲ್ಲಿನ ಮುಂದಿನ ಚಕ್ರಕ್ಕೆ ಒಂದು ಹಳೆಯ ಮೀಟರ್ ಇದೆ. ಚಕ್ರ ಎಷ್ಟು ಸಲ ತಿರುಗಿತೋ ಅಷ್ಟೇ ಅದಕ್ಕೆ ಗೊತ್ತು. ದಿನಾ ಬೆಳಿಗ್ಗೆ ಎರಡನ್ನೂ ಹೋಲಿಸಿ ವಾಚಿನ ತಪ್ಪನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ವಾಚಿನ ಆಪ್‌ನಲ್ಲಿ ಗೆಳೆಯರ ಓಡಾಟವೂ ಕಾಣಿಸುತ್ತದೆ. ಮಾತು ಬಿಟ್ಟಿದ್ದರೂ ಗುರುಮೂರ್ತಿಯೂ ನಾನೂ ಅಲ್ಲಿ ಒಬ್ಬರನ್ನೊಬ್ಬರು ನೋಡುವುದನ್ನು ಬಿಟ್ಟಿರಲಿಲ್ಲ.

ಮಾಗಿಯ ಚಳಿಯ ಒಂದು ಸಂಜೆ ಹೆಂಡತಿ ಫೋನಿಟ್ಟು ಬಂದು, "ಗುರುಮೂರ್ತಿಯವ್ರಿಗೆ ಮತ್ತೆ ಎದೆ ಹಿಡ್ಕೊಂಡಂಗೆ ಆಗ್ತಿದ್ಯಂತೆ. ನಾಳೆ ಇಲ್ಲೇ ಆಸ್ಪತ್ರೇಲಿ ಆಂಜಿಯೋಗ್ರಾಮ್ ಅಂತೆ. ಸಾವಿತ್ರಮ್ಮ ಅಳ್ತಿದ್ರು," ಎಂದಳು. ಸಾವಿತ್ರಮ್ಮ ಅವನ ಹೆಂಡತಿ. ನನಗೆ ಹೆದರಿಕೆಯಾಯಿತು. ಮಾತು ಬಿಟ್ಟಿರುವಾಗಲೇ ಅವನಿಗೆ ಏನಾದರೂ ಆದರೆ ಎಂಬ ಹೆದರಿಕೆ. ಬೆಳಗಾಗುತ್ತಲೇ ಭದ್ರಾವತಿಗೆ ಹೋಗಿ ಅವನ ಮುಂದೆ ನಿಲ್ಲಬೇಕೆಂದು ನಿರ್ಧರಿಸಿದೆ.

ಐದೂ ಮುಕ್ಕಾಲಿಗೆ ಶಿವಮೊಗ್ಗದ ವಿದ್ಯಾನಗರದ ನಮ್ಮ ಮನೆಯಿಂದ ಸೈಕಲ್ ಹತ್ತಿದೆ. ಅಭ್ಯಾಸಬಲದಿಂದ ವಾಚಿನ ಗುಂಡಿ ಒತ್ತಿದೆ. ಭದ್ರಾವತಿ ದಾರಿಯಲ್ಲಿ ನಾಲ್ಕು ಕಿಲೋಮೀಟರ್ ದೂರದ ಮಲವಗೊಪ್ಪ ಮುಟ್ಟುವಾಗ ಇನ್ನೂ ಕತ್ತಲೆ. ಅಲ್ಲಿ ಬಾಗಿಲು ಹಾಕಿದ್ದ ಒಂದು ಟೀ ಅಂಗಡಿಯ ಮುಂದೆ ಕಾಲೂರಿ ನಿಂತೆ. ಏನು ಹೇಳಬೇಕೆಂದು ಯೋಚನೆ ಮಾಡಿಕೊಳ್ಳಲು ಎರಡು ನಿಮಿಷ ನಿಂತರಾಯಿತು ಎಂದುಕೊಂಡೆ. ಕೊನೆಗೆ ಒಂದು ವಾಕ್ಯ ಸಿಕ್ಕಿತು. "ಗುರು, ಅಳತೆ ಸರಿ ಇತ್ತು, ಹೇಳಿದ್ದು ತಪ್ಪು." ಅದನ್ನು ಜೋರಾಗಿ ಎರಡು ಮೂರು ಸಲ ಹೇಳಿ ನೋಡಿದೆ. ಕೇಳಿಸಿಕೊಂಡದ್ದು ಅಂಗಡಿಯ ಕಟ್ಟೆಯ ಮೇಲೆ ಮಲಗಿದ್ದ ಒಂದು ನಾಯಿ ಮಾತ್ರ. ಎರಡು ನಿಮಿಷ ಅರ್ಧ ಗಂಟೆಯಾಯಿತು. ಅವನು ಬಾಗಿಲಲ್ಲೇ ಮುಖ ತಿರುಗಿಸಿದರೆ? ಇಪ್ಪತ್ತು ಜನರ ಮುಂದೆ ಬಾಯಿ ತೆರೆದವನಿಗೆ ಒಬ್ಬನ ಮುಂದೆ ಧೈರ್ಯ ಬರಲಿಲ್ಲ. ನಾಚಿಕೆಗೇಡು, ಆದರೆ ಆದದ್ದು ಹಾಗೆ. ಸೈಕಲ್ ತಿರುಗಿಸಿಕೊಂಡು ಬಂದುಬಿಟ್ಟೆ.

ಆರೂ ಮುಕ್ಕಾಲಿಗೆ ಮನೆಯಲ್ಲಿದ್ದೆ. ಸೈಕಲ್ಲಿನ ಮೀಟರ್ ಎಂಟು ಕಿಲೋಮೀಟರ್ ಎಂದಿತು. ವಾಚ್ ಮೂವತ್ತೆರಡು ಎಂದಿತು. ನನಗೆ ಸಂತೋಷವೇ ಆಯಿತು. ಇಷ್ಟು ದೊಡ್ಡ ತಪ್ಪು ಈವರೆಗೆ ಸಿಕ್ಕಿರಲಿಲ್ಲ. ಪುಸ್ತಕ ತರಿಸಿಕೊಂಡು, ಕನ್ನಡಕ ಹಾಕಿಕೊಂಡು ಫೋನಿನಲ್ಲಿ ಭೂಪಟ ತೆರೆದೆ. ಗೆರೆ ಮಲವಗೊಪ್ಪದಲ್ಲಿ ನಿಂತೇ ಇರಲಿಲ್ಲ. ರಸ್ತೆಯ ಒಂದೊಂದು ತಿರುವನ್ನೂ ಹಿಡಿದುಕೊಂಡು ನೇರ ಭದ್ರಾವತಿಗೆ ಹೋಗಿ, ಗುರುಮೂರ್ತಿಯ ಓಣಿಗೆ ಹೊಕ್ಕು, ಅವನ ಗೇಟಿನ ಮುಂದೆ ಒಂಬತ್ತು ನಿಮಿಷ ನಿಂತು, ವಾಪಸು ಬಂದಿತ್ತು. ವೇಗ ಗಂಟೆಗೆ ಮೂವತ್ತೆಂಟು ಕಿಲೋಮೀಟರ್. ಎದೆ ಬಡಿತ ಉದ್ದಕ್ಕೂ ಎಪ್ಪತ್ತೆಂಟು, ಅವರೆಕಾಯಿ ಸುಲಿಯುತ್ತ ಕೂತವರಿಗೆ ಇರುವಷ್ಟು. ಇದು ನಿಮ್ಮ ಜೀವನದ ಅತ್ಯುತ್ತಮ ಸವಾರಿ ಎಂದು ಆಪ್ ಒಂದು ಕಿರೀಟವನ್ನೂ ಕೊಟ್ಟಿತ್ತು.

ಕಾಂಪೌಂಡು ಹಾರುವ ವಾಚ್ ಓಣಿಯೊಳಗೆ ಇಷ್ಟು ನೀಟಾಗಿ ಹೋಗುವುದೆಂದರೇನು ಎಂದು ಯೋಚಿಸುತ್ತಿರುವಾಗಲೇ ಫೋನ್ ರಿಂಗಾಯಿತು. ನಾಲ್ಕು ತಿಂಗಳ ಮೇಲೆ ಗುರುಮೂರ್ತಿ. "ಅಲ್ಲ ಮಾರಾಯ, ಗೇಟಿನ ತನಕ ಬಂದೋನಿಗೆ ಒಳಗೆ ಬರೋಕೇನಾಗಿತ್ತು? ನಾನು ಸ್ನಾನಕ್ಕೆ ಹೋಗಿದ್ದೆ ಅಷ್ಟೆ. ನಿನ್ ರೈಡ್ ನೋಡ್ದೆ ನೋಡು ಆಪಲ್ಲಿ. ಅರವತ್ತು ದಾಟಿದ್ಮೇಲೆ ಆ ಸ್ಪೀಡಾ?" ನಾನು ಬಂದೇ ಇಲ್ಲ ಎನ್ನಲು ಹೊರಟೆ. ಅಷ್ಟರಲ್ಲಿ ಸಾವಿತ್ರಮ್ಮ ಫೋನ್ ತೆಗೆದುಕೊಂಡರು. "ನಾನು ಬಾಗಿಲಿಗೆ ನೀರು ಹಾಕ್ತಿದ್ದೆ. ಕಾಫಿ ಕುಡ್ಕೊಂಡು ಹೋಗಿ ಅಂದ್ರೆ ಬೇಡ ಅಂದ್ರಿ. ಸುಮ್ನೆ ನಮ್ ಕಾಂಪೌಂಡ್ ಗೋಡೆ ಪಕ್ಕ ಹೆಜ್ಜೆ ಎಣಿಸ್ಕೊಂಡು ಆ ಕಡೆಗೊಂದ್ಸಲ ಈ ಕಡೆಗೊಂದ್ಸಲ ಓಡಾಡಿದ್ರಿ. ಹೋಗುವಾಗ, ಅಳತೆ ಸರಿ ಇತ್ತು, ಹೇಳಿದ್ದು ತಪ್ಪು ಅಂತ ಗುರುಗೆ ಹೇಳಿ ಅಂದ್ರಿ. ಹೇಳಿದೀನಿ ಇವ್ರಿಗೆ."

ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟೆ. ಆ ವಾಕ್ಯವನ್ನು ನಾನು ನಾಯಿಯೊಂದರ ಹೊರತು ಯಾರಿಗೂ ಹೇಳಿರಲಿಲ್ಲ.

ಹೆಂಡತಿಗೆ ಎಲ್ಲವನ್ನೂ ಹೇಳಿದೆ. ನಾನು ಹೋಗಿಲ್ಲ, ಮಲವಗೊಪ್ಪದಿಂದಲೇ ತಿರುಗಿದೆ ಎಂದು ಆಣೆ ಮಾಡಿದೆ. ಅವಳು ಸ್ವಲ್ಪವೂ ಗಾಬರಿಯಾಗಲಿಲ್ಲ. "ತಪ್ಪಾಯ್ತು ಅನ್ನೋಕೆ ಬಂದು ಅಳತೆ ಸರಿ ಇತ್ತು ಅಂತ ಶುರು ಮಾಡೋರು ಈ ಜಿಲ್ಲೇಲಿ ಇನ್ಯಾರಿದ್ದಾರೆ? ನೀವೇ ಅದು," ಎಂದಳು.

ಹತ್ತು ಗಂಟೆಗೆ ಆಸ್ಪತ್ರೆಗೆ ಹೋದೆ. ನಿಜ ಹೇಳಿಬಿಡಬೇಕೆಂದೇ ಹೋದೆ. ಮೂವತ್ತೊಂದು ವರ್ಷದಲ್ಲಿ ತಪ್ಪು ಅಳತೆಗೆ ಒಂದು ಸಹಿಯನ್ನೂ ಹಾಕಿದವನಲ್ಲ. ಅಣ್ಣತಮ್ಮಂದಿರು ಗುದ್ದಲಿ ಎತ್ತಿ ನಿಂತಾಗಲೂ ಗಡಿಕಲ್ಲು ಇದ್ದಲ್ಲೇ ಇದೆ ಎಂದವನು. ಗುರುಮೂರ್ತಿ ಹಸಿರು ಬಟ್ಟೆ ಹಾಕಿಕೊಂಡು ಗಾಲಿ ಮಂಚದ ಮೇಲೆ ಮಲಗಿದ್ದ. ಎರಡು ಸೈಜು ಸಣ್ಣವನಾದ ಹಾಗೆ ಕಂಡ. ನರ್ಸ್ ವಾಚ್ ಬಿಚ್ಚಿಸಿದ್ದಳು. ಒಂದು ಕೈಯಲ್ಲಿ ವಾಚ್, ಇನ್ನೊಂದರಲ್ಲಿ ಫೋನ್ ಹಿಡಿದುಕೊಂಡಿದ್ದ. ಫೋನಿನಲ್ಲಿ ನನ್ನ ಗೆರೆ ಇತ್ತು.

ನಾನು ಬಾಯಿ ತೆರೆಯುವ ಮೊದಲೇ ಅವನು, "ವಾಚ್ ಸುಳ್ಳು ಹೇಳುತ್ತೆ ಅಂತಿದ್ಯಲ್ಲ. ಈಗ ಹೇಳು. ಇದು ಸರೀನೋ ತಪ್ಪೋ?" ಎಂದ. ನಗುತ್ತಲೇ ಕೇಳಿದ, ಆದರೆ ಫೋನನ್ನು ನನ್ನ ಮುಖದ ಮುಂದಿನಿಂದ ತೆಗೆಯಲಿಲ್ಲ. ತಪ್ಪು ಎಂದರೆ ನಾನು ಬರಲಿಲ್ಲ ಎಂದಾಗುತ್ತದೆ. ಅವನನ್ನು ನೋಡಲು ಹೊರಟು ಅರ್ಧದಿಂದ ವಾಪಸಾದೆ ಎಂದಾಗುತ್ತದೆ. ಮತ್ತೆ ಅವನ ವಾಚ್ ಸುಳ್ಳು, ಅವನ ಓಟವೂ ಸುಳ್ಳು. ಮಂಚ ತಳ್ಳುವವರು ಬಂದು ನಿಂತಿದ್ದರು.

"ಸರಿ," ಎಂದೆ.

"ಹಾಗಾದ್ರೆ ನನ್ ಇಪ್ಪತ್ತೊಂದು ಕಿಲೋಮೀಟರೂ? ನೂರು ಮೀಟರ್ ಸಹಿತ?"

"ನೂರು ಮೀಟರ್ ಸಹಿತ."

ಅವನು ವಾಚನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದ. ಒಂದು ಗಂಟೆ ನಾನು ಎರಡು ವಾಚುಗಳನ್ನು ಇಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದೆ. ನನ್ನದು ನನ್ನ ಎದೆಬಡಿತ ನೂರಹದಿನೆಂಟು ಎನ್ನುತ್ತಿತ್ತು. ಅದು ಮಾತ್ರ ಸರಿಯಾಗಿಯೇ ಇತ್ತೆಂದು ಕಾಣುತ್ತದೆ. ಡಾಕ್ಟರು ಬಂದು, ಹೊಸದಾಗಿ ಏನೂ ಇಲ್ಲ, ಗ್ಯಾಸ್ಟ್ರಿಕ್ ಇರಬೇಕು ಎಂದರು. ಗುರುಮೂರ್ತಿ ಹೊರಗೆ ಬಂದವನೇ ಮಸಾಲೆ ದೋಸೆ ಯಾವಾಗ ತಿನ್ನಬಹುದು ಎಂದು ಕೇಳಿದ. ನಾನು ಅಳುವುದನ್ನು ಸಾವಿತ್ರಮ್ಮ ನೋಡಿದರು, ಆದರೆ ಯಾರಿಗೂ ಹೇಳಲಿಲ್ಲ.

ಆಮೇಲೆ ನನಗೆ ತಿಳಿದ ರೀತಿಯಲ್ಲೆಲ್ಲ ತನಿಖೆ ಮಾಡಿದ್ದೇನೆ. ಉಪಗ್ರಹದ ತಪ್ಪು ಎನ್ನೋಣ. ಉಪಗ್ರಹಕ್ಕೆ ಗುರುಮೂರ್ತಿಯ ಗೇಟು ಹೇಗೆ ಗೊತ್ತು? ಸಾವಿತ್ರಮ್ಮ ಕತ್ತಲೆಯಲ್ಲಿ ಬೇರೆ ಯಾರನ್ನೋ ನೋಡಿದರು ಎನ್ನೋಣ. ಆ ಬೇರೆಯವನಿಗೆ ನನ್ನ ವಾಕ್ಯ ಹೇಗೆ ಗೊತ್ತು? ಕಂಪ್ಯೂಟರ್ ಬಲ್ಲ ಅಳಿಯನಿಗೆ ಹೇಳಿದರೆ, ವಾಚಿನ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ ಮಾವ ಎಂದ. ಮಾಡಿದೆ. ಮಲವಗೊಪ್ಪಕ್ಕೆ ಹೋಗಿ ಅದೇ ಕಟ್ಟೆಯ ಮುಂದೆ ಹನ್ನೊಂದು ದಿನ ಬೆಳಿಗ್ಗೆ ಅರ್ಧರ್ಧ ಗಂಟೆ ನಿಂತೂ ನೋಡಿದೆ. ಹನ್ನೊಂದು ಸಲವೂ ವಾಚ್ ಎಂಟು ಕಿಲೋಮೀಟರ್ ಎಂದೇ ಹೇಳಿತು. ನೀವು ನನಗಿಂತ ಬುದ್ಧಿವಂತರಾಗಿದ್ದರೆ ನಿಮಗೇನಾದರೂ ಹೊಳೆಯಬಹುದು. ನನಗಂತೂ ಇವತ್ತಿಗೂ ಹೊಳೆದಿಲ್ಲ.

ನನ್ನನ್ನು ಕಾಡುವುದು ಅದಲ್ಲ. ಗುರುಮೂರ್ತಿ ಈಗ ಎಲ್ಲರ ಹತ್ತಿರವೂ, ಇವನು ಚಳಿಯಲ್ಲಿ ಸೈಕಲ್ ತುಳ್ಕೊಂಡು ತಪ್ಪಾಯ್ತು ಅನ್ನೋಕೆ ಬಂದಿದ್ದ ಎಂದು ಹೇಳಿಕೊಳ್ಳುತ್ತಾನೆ. ಹೇಳುವಾಗ ಅವನ ಕಣ್ಣು ಒದ್ದೆಯಾಗುತ್ತದೆ. ನಾನು ತಲೆ ತಗ್ಗಿಸಿ ಕೂರುತ್ತೇನೆ. ಅದನ್ನು ಅವರೆಲ್ಲ ವಿನಯ ಎಂದುಕೊಳ್ಳುತ್ತಾರೆ. ಆ ಬೆಳಿಗ್ಗೆ ಅವನ ಗೇಟಿನ ಮುಂದೆ ಯಾರು ನಿಂತಿದ್ದರೋ ಅವರು ಕ್ಷಮೆ ಕೇಳಿದರು, ಅವನು ಕ್ಷಮಿಸಿದ. ನಾನಿನ್ನೂ ಕೇಳಿಯೇ ಇಲ್ಲ. ಇದು ಅಚ್ಚಾದರೆ ಅವನು ಖಂಡಿತ ಓದುತ್ತಾನೆ, ಓದಿದ ಮೇಲೆ ಫೋನೂ ಮಾಡುತ್ತಾನೆ. ಅದಕ್ಕೆ ಮೊದಲೇ ನಾನು ಅವನ ಮನೆಯಲ್ಲಿರಬೇಕು.