ಕ್ಷೇತ್ರದ ಅಳಿಯ

ನನ್ನ ಹೆಂಡತಿ ಶಾಸಕಿ. ಈ ಮಾತನ್ನು ನಾನು ಎದೆಯುಬ್ಬಿಸಿ ಹೇಳಬೇಕೆಂದು ಎಲ್ಲರೂ ಬಯಸುತ್ತಾರೆ. ನನಗೋ ಹೇಳುವಾಗ ಬಾಯಿ ಒಣಗುತ್ತದೆ. ಬ್ಯಾಂಕಿನ ವರ್ಗಾವಣೆಯ ಮೇಲೆ ಹುಬ್ಬಳ್ಳಿಯಿಂದ ವಿಶಾಖಪಟ್ಟಣಕ್ಕೆ ಬಂದವನು ನಾನು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದವಳನ್ನು ಇಲ್ಲಿಯೇ ಮದುವೆಯಾದೆ. ಅವಳ ತಾಯಿ ಬಳ್ಳಾರಿಯವರು; ತಂದೆ ತೆಲುಗರು, ಶಾಸಕರು. ಮಾವ ತೀರಿಕೊಂಡಾಗ ಹನ್ನೊಂದನೆಯ ದಿನದ ಕಾರ್ಯವೂ ಆಗಿರಲಿಲ್ಲ, ಪಕ್ಷದ ಹಿರಿಯರು ಬಂದು ಟಿಕೆಟ್ ಮಗಳಿಗೇ ಎಂದು ಹೇಳಿ ಕಾಫಿ ಕುಡಿದು ಹೋದರು. ಅವಳು ಬೇಡವೆನ್ನಲಿಲ್ಲ. ಅಳುತ್ತಿದ್ದವಳಿಗೆ ಬೇಡವೆನ್ನಲು ಪುರಸೊತ್ತೆಲ್ಲಿತ್ತು?

ಗೆದ್ದಳು. ಎರಡನೆಯ ಸಲವೂ ಗೆದ್ದಳು. ಮಧುರವಾಡದ ನಮ್ಮ ಮನೆ ಮಾತ್ರ ಮನೆಯಾಗಿ ಉಳಿಯಲಿಲ್ಲ. ಬೆಳಗ್ಗೆ ಬಚ್ಚಲಿನಿಂದ ಟವೆಲ್ ಸುತ್ತಿಕೊಂಡು ಬಂದರೆ ಪಡಸಾಲೆಯಲ್ಲಿ ಪಿಂಚಣಿ ನಿಂತುಹೋದ ಅಜ್ಜಿ, ಚರಂಡಿ ಕಟ್ಟಿಕೊಂಡ ಬೀದಿಯವರು, ಮದುವೆಗೆ ಕರೆಯಲು ಬಂದವರು. ಅಧಿವೇಶನ, ಸಭೆ, ಸಚಿವರ ಭೇಟಿ ಎಂದು ಅವಳು ಹೆಚ್ಚಾಗಿ ರಾಜಧಾನಿಯ ಪಕ್ಕದ ವಿಜಯವಾಡದಲ್ಲಿ, ಭವಾನಿಪುರಂನ ಬಾಡಿಗೆ ಮನೆಯಲ್ಲೇ ಇರುತ್ತಿದ್ದಳು. ಅವಳಿಲ್ಲದಾಗ ಸಾವಿನ ಮನೆಗೂ ನಾನೇ, ಗೃಹಪ್ರವೇಶಕ್ಕೂ ನಾನೇ. ಹಳೆಯ ಶಾಸಕರ ಅಳಿಯನೆಂದು ಎಲ್ಲರೂ ನನ್ನನ್ನು ‘ಅಲ್ಲುಡುಗಾರು’ ಎನ್ನುತ್ತಾರೆ. ಅಳಿಯಂದಿರೇ ಎಂದು ಅರ್ಥ. ಒಂದು ಮನೆಗೆ ಅಳಿಯನಾಗಿರುವುದೇ ಕಷ್ಟ. ನಾನು ಒಂದು ವಿಧಾನಸಭಾ ಕ್ಷೇತ್ರಕ್ಕೇ ಅಳಿಯ.

ಉಸಿರು ಕಟ್ಟುತ್ತಿತ್ತು. ಆಟೋದವನ ಜೊತೆ ಜಗಳ ಮಾಡುವಂತಿಲ್ಲ, ಸಾಲ ಕೊಡಲಾಗದು ಎಂದು ಗ್ರಾಹಕನಿಗೆ ಮುಖ ಗಂಟಿಕ್ಕುವಂತಿಲ್ಲ. ನಾನು ಗೊಣಗಿದರೆ ಒಂದು ಮತ ಹೋದಂತೆ. ಕೊನೆಗೆ ಹೆಂಡತಿಗೂ ಹೇಳದೆ, ಹುಬ್ಬಳ್ಳಿಗೆ ವರ್ಗ ಮಾಡಿ ಎಂದು ಬ್ಯಾಂಕಿಗೆ ಅರ್ಜಿ ಹಾಕಿದೆ. ನನ್ನ ಮಾತಿನಲ್ಲಿ ನಾಲ್ಕು ಜನರನ್ನು ಬೈದುಕೊಂಡು, ಯಾರ ಅಳಿಯನೂ ಅಲ್ಲದೆ ಬರೀ ಮ್ಯಾನೇಜರನಾಗಿ ಬದುಕುವ ಆಸೆ. ಆದೇಶ ಬಂತು. ಆ ದಿನ ಬ್ಯಾಂಕಿನಲ್ಲಿ ಕೂತೇ ಹಾಡು ಗುನುಗಿದೆ.

ವಾರ ಕಳೆಯುವುದರೊಳಗೆ ಆದೇಶ ರದ್ದಾಯಿತು. ಸಂಜೆ ಮನೆಗೆ ಬಂದರೆ ಗೇಟಿನಲ್ಲಿ ಪಟಾಕಿ. ಮಾವನ ಕಾಲದ ಹಿರಿಯ ಕಾರ್ಯಕರ್ತನೊಬ್ಬ ನನ್ನ ಬಾಯಿಗೆ ಲಾಡು ತುರುಕಿದ. ವಿರೋಧಿಗಳು ನನ್ನನ್ನು ದೂರ ಅಟ್ಟಲು ನೋಡಿದರಂತೆ. ಇವರು ಎಂಪಿಯವರನ್ನು ಹಿಡಿದು ದೆಹಲಿಯವರೆಗೆ ಫೋನು ಮಾಡಿಸಿ ತಡೆದರಂತೆ.

“ಮಾ ಅಲ್ಲುಡುಗಾರಿನಿ ಎಲಾ ವದುಲುಕುಂಟಾಮಂಡಿ!” ಎಂದ. ನಮ್ಮ ಅಳಿಯಂದಿರನ್ನು ಹೇಗೆ ಬಿಟ್ಟುಕೊಡುತ್ತೇವೆ ಎಂದು.

ವರ್ಗಾವಣೆ ತಪ್ಪಿಸಿ ಎಂದು ಬೇಡಿಕೊಂಡು ಬರುವವರನ್ನೇ ಜೀವಮಾನವೆಲ್ಲ ಕಂಡವರು ಅವರು. ಬೇಕೆಂದೇ ವರ್ಗ ಕೇಳಿದವನೂ ಇರಬಹುದೆಂದು ಹೊಳೆಯುವುದಾದರೂ ಹೇಗೆ? ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಲಾಡು ನುಂಗಿ ಎಲ್ಲರಿಗೂ ಕೈಮುಗಿದೆ.

ಮರುದಿನವೇ ವಿಜಯವಾಡಕ್ಕೆ ಹೊರಟೆ. ಹೆಂಡತಿಗೆ ನಿಜ ಹೇಳಿ, ಹೇಗಾದರೂ ಆ ಆದೇಶವನ್ನು ಮತ್ತೆ ಪಡೆಯಲೇಬೇಕಿತ್ತು. ದೊಡ್ಡ ಸ್ಟೇಷನ್ನಿನಲ್ಲಿ ಯಾರಾದರೂ ಗುರುತು ಹಿಡಿದು ಹಾರ ತಂದಾರೆಂದು ಅಷ್ಟು ದೂರ ಊರಾಚೆಯ ದುವ್ವಾಡ ಸ್ಟೇಷನ್ನಿಗೆ ಹೋಗಿ ರೈಲು ಹತ್ತಿದೆ.

ಅವಳು ಒಬ್ಬಳೇ ಇದ್ದಳು. ಅಡುಗೆಮನೆಯಲ್ಲಿ ನಿಂತುಕೊಂಡೇ ಮೊಸರನ್ನ ತಿನ್ನುತ್ತಿದ್ದಳು.

“ಆ ವರ್ಗ ನಾನ ಕೇಳಿದ್ದೆ,” ಎಂದೆ. “ನಿನಗ ಹೇಳಿರ್ಲಿಲ್ಲ. ಇನ್ನೊಮ್ಮೆ ಅಡ್ಡ ಬರಬ್ಯಾಡ್ರಿ ಅಂತ ನಿಮ್ಮ ಮಂದಿಗೆ ಹೇಳು. ನನಗ ಅಲ್ಲಿ ಇರಾಕ ಆಗವಲ್ದು.”

“ಗೊತ್ತಂಡಿ,” ಎಂದಳು, ನಮ್ಮ ‘ರೀ’ ಬದಲು ಎಂದಿನಂತೆ ತೆಲುಗಿನ ‘ಅಂಡಿ’ ಹಚ್ಚಿ. “ನಿಮ್ಮ ಬ್ಯಾಂಕಿನವರೇ ಹೇಳಿದ್ರು. ಕಾರ್ಯಕರ್ತರು ಪಾಪ, ವಿರೋಧಿಗಳ ಕೆಲಸ ಅಂದ್ಕೊಂಡ್ರು. ದೆಹಲಿಗೆ ಫೋನ್ ಮಾಡಿಸಿ ಅಂತ ಹೇಳಿದ್ದು ನಾನೇ.”

ನನ್ನ ಮೈ ಉರಿಯಿತು. ಇಷ್ಟು ವರ್ಷ ಯಾರ ಮೇಲೂ ಏರಿಸದ ದನಿಯನ್ನು ಅವಳ ಮೇಲೆ ಏರಿಸಿದೆ. ನನ್ನ ಬದುಕೂ ನಿನ್ನ ಕ್ಷೇತ್ರದ ಆಸ್ತಿಯೇನು ಎಂದು ಕೇಳಿದೆ. ಅವಳು ತಟ್ಟೆ ಕೆಳಗಿಟ್ಟಳು.

“ಬೈಯಿರಿ. ನನ್ನನ್ನ ಯಾರಾದರೂ ಬೈದು ಎಷ್ಟು ಕಾಲ ಆಯ್ತೋ. ಎಲ್ಲರಿಗೂ ನಾನು ಮೇಡಂ. ಮುಂದಿನ ಸಲ ನಿಲ್ಲಲ್ಲ, ಕಾಲೇಜಿಗೆ ವಾಪಸ್ ಹೋಗ್ತೀನಿ ಅಂತ ಹಿರಿಯರಿಗೆ ಕೈಮುಗಿದೆ. ನಕ್ಕರು. ಅಪ್ಪನ ಹೆಸರು ಕಳೀತೀಯಾ ಅಂದರು. ನನ್ನನ್ನ ಬಿಡೋರಿಲ್ಲ. ನಿಮ್ಮನ್ನಾದರೂ ಬಿಡಬೇಕಿತ್ತು. ಆಗಲಿಲ್ಲಂಡಿ. ಒಬ್ಬಳೇ ಇರೋಕೆ ಭಯ ಆಯ್ತು.”

ಸಿಟ್ಟು ಇಳಿದಿರಲಿಲ್ಲ, ಆದರೆ ಅವಳನ್ನು ಅಲ್ಲಿ ಬಿಟ್ಟು ಹೋಗಲಾರೆ ಎಂಬುದು ಖಚಿತವಾಗಿ ಗೊತ್ತಾಗಿ, ಆ ತಿಳಿವಳಿಕೆಗೇ ಹೆದರಿದೆ.

ಕರೆಗಂಟೆ ಸದ್ದು ಮಾಡಿತು. ಕ್ಷೇತ್ರದಿಂದ ಯಾರೋ ಬಂದಿದ್ದರು. ಅವಳು ಮುಖ ತೊಳೆಯಲು ಒಳಗೆ ಓಡಿದಳು. ನಾನು ಹೋಗಿ ಬಾಗಿಲು ತೆರೆದೆ.

“ದಯಚೇಯಂಡಿ, ಕೂರ್ಚೋಂಡಿ,” ಎಂದು ನಗುತ್ತ ಅವರನ್ನು ಒಳಗೆ ಕರೆದು ಕೂರಿಸಿದೆ. ಮೇಡಂ ಬರುತ್ತಾರೆ ಎಂದು ಅವರ ತೆಲುಗಿನಲ್ಲೇ ಹೇಳಿದೆ: “ಮೇಡಂ ವಸ್ತಾರು.”